ಬಾಗಿಲಾಚೆ ನಿಂತ ಗುರು ಮಂಟೇಸ್ವಾಮಿ

ಭಾರತೀಯ ಕಥನ ಸಾಹಿತ್ಯದಲ್ಲಿ ದಲಿತರ ನೋವಿನ ಮಾತು ಬಂದಾಗಲೆಲ್ಲ ಶಿವರಾಮ ಕಾರಂತರ ‘ಚೋಮನ ದುಡಿ’ (1933), ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ (1935) ಕಾದಂಬರಿಗಳಿಂದ ಚರ್ಚೆ ಆರಂಭಿಸುವುದು ರೂಢಿ. ಆದರೆ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಸೀಮೆಯಲ್ಲಿ ಈ ಅವಮಾನದ ಕಥೆ ಅದಕ್ಕೂ ಬಹಳ ಹಿಂದಿನಿಂದ ಜನರ ಕಿವಿಗೆ ಬಿದ್ದಿದೆ. ಬಹುಪಾಲು ದಲಿತರೇ ಆದ ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವ ಮಹಾಕಾವ್ಯ ಅದು. ಅದರ ನಾಯಕ ಮಂಟೇಸ್ವಾಮಿ.

ಅವರು 15-16ನೇ ಶತಮಾನದಲ್ಲಿ ಬದುಕಿದ್ದರೆಂಬುದು ಸಾಮಾನ್ಯ ಅಭಿಪ್ರಾಯ. ಅವರ ಕುಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಭಕ್ತರ ಪಾಲಿಗೆ ಅವರು ‘ಧರೆಗೆ ದೊಡ್ಡವರು’. ಚರಿತ್ರೆಗೆ ದಕ್ಕದ ಅವರ ಬದುಕನ್ನು ಕಾವ್ಯ ತನ್ನದೇ ರೀತಿಯಲ್ಲಿ ಕಟ್ಟಿಕೊಟ್ಟಿದೆ.

ಕಾಲದ ಲೆಕ್ಕವನ್ನು ಬದಿಗಿಟ್ಟು ಕಾವ್ಯ ಅವರನ್ನು ಬಸವಣ್ಣನವರ ಕಲ್ಯಾಣಕ್ಕೆ ಕರೆದೊಯ್ಯುತ್ತದೆ. ಅಲ್ಲಿ ನಿತ್ಯ ದಾಸೋಹಕ್ಕೆ ಸೇರುವ ಜಂಗಮರು ಒಂದು ಲಕ್ಷ ತೊಂಬತ್ತಾರು ಸಾವಿರ. ಅವರ ನಿಜ ಭಕ್ತಿಯನ್ನು ಪರೀಕ್ಷಿಸಲು ಬಂದ ಗುರುವಿನ ಮೈತುಂಬ ಹುಣ್ಣು, ದುರ್ಗಂಧ. ಸಮಾನತೆಯ ನಗರದ ಬಾಗಿಲಲ್ಲೇ ಅವರನ್ನು ತಡೆದು ಅಟ್ಟಲಾಗುತ್ತದೆ. ಗುರು ತಿಪ್ಪೆಯಲ್ಲಿ ನೆಲೆಸುತ್ತಾರೆ. ಕೊನೆಗೆ ಬಸವಣ್ಣ, ನೀಲಮ್ಮ ಅಲ್ಲಿಗೇ ಹೋಗಿ ಅವರನ್ನು ಗುರುತಿಸಬೇಕಾಗುತ್ತದೆ.

ಮುಂದೆ ದಕ್ಷಿಣಕ್ಕೆ ಬಂದ ಮಂಟೇಸ್ವಾಮಿ ಪಾಂಚಾಳರ ಮನೆಯ ಹುಡುಗನನ್ನು ಶಿಶುಮಗನಾಗಿ ಪಡೆದರು, ಅವನೇ ಸಿದ್ದಪ್ಪಾಜಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಗುರುವಿನ ನೆಲೆಯಾದರೆ, ಕೊಳ್ಳೇಗಾಲ ಸಮೀಪದ ಚಿಕ್ಕಲ್ಲೂರು ಶಿಷ್ಯನ ನೆಲೆಯಾಯಿತು. ಬನದ ಹುಣ್ಣಿಮೆಯಿಂದ ಐದು ದಿನ ನಡೆಯುವ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಹಲವು ಜಾತಿಗಳ ಒಕ್ಕಲು ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿ ಉಳಿದುಬಂದಿದೆ.

ಕಾರಂತರ ಚೋಮನಿಗೆ ಬೇಸಾಯದ ಆಸೆ ಕೈಗೂಡುವುದಿಲ್ಲ. ಅವನು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಓದುಗನಲ್ಲಿ ಕರುಣೆ ಉಕ್ಕುತ್ತದೆ. ಮಂಟೇಸ್ವಾಮಿ ಕಾವ್ಯ ಕರುಣೆಯನ್ನು ಬೇಡುವುದಿಲ್ಲ. ಇಲ್ಲಿ ಹೊರದಬ್ಬಿಸಿಕೊಂಡವನೇ ಪರೀಕ್ಷಕ; ಒಳಗಿದ್ದವರು ನಪಾಸಾದವರು. ನೋವುಂಡ ಸಮುದಾಯವೇ ತನ್ನ ಕಥೆ ಹೇಳಿದಾಗ ಆಗುವ ವ್ಯತ್ಯಾಸವಿದು. ನೆರೆಯ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ಈ ಮೌಖಿಕ ಕಥನದ ಉಸಿರಾಟ ಕೇಳಿಸುತ್ತದೆ.

ಆದರೆ ಕಾವ್ಯ ಕೇಳಿದ ನೆಲ ಬದಲಾಗಿದೆಯೇ? 2019ರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ದಲಿತನೊಬ್ಬನನ್ನು ಥಳಿಸಿ ಬೆತ್ತಲೆಯಾಗಿ ನಡೆಸಿದ ಪ್ರಕರಣ ವರದಿಯಾಯಿತು. 2022ರಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ನೀರು ಕುಡಿದರೆಂದು ತೊಂಬೆಯ ನೀರು ಖಾಲಿ ಮಾಡಿ, ಗೋಮೂತ್ರದಿಂದ ಶುದ್ಧೀಕರಿಸಿದ ಸುದ್ದಿ ಬಂತು. ಮಂಟೇಸ್ವಾಮಿಯ ಗದ್ದುಗೆಗೆ ಕೈಮುಗಿಯುವುದು ಸುಲಭ. ಅವರು ಅದೇ ಹುಣ್ಣಿನ ಮೈಯಲ್ಲಿ ನಮ್ಮ ಊರಿನ ನಲ್ಲಿಯ ಬಳಿ ಬಂದು ನಿಂತರೆ ನಾವು ಏನು ಮಾಡುತ್ತೇವೆಂಬುದೇ ನಿಜವಾದ ಪರೀಕ್ಷೆ.