ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು

ಸಾತಾರೆಯ ಬಳಿಯ ಮಾಹುಲಿಯಲ್ಲಿ ಜನಿಸಿ, ಕಾಶಿಯಲ್ಲಿ ಶಾಸ್ತ್ರಾಧ್ಯಯನಗೈದ ರಾಮಶಾಸ್ತ್ರಿಗಳು ೧೭೫೯ರಲ್ಲಿ ಪುಣೆಯ ಪೇಶ್ವೆಗಳ ಮುಖ್ಯ ನ್ಯಾಯಾಧೀಶರಾದರು. ಅಂದಂದಿಗೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಮನೆಯಲ್ಲಿರಿಸಿಕೊಳ್ಳದ ಈ ಪಂಡಿತರಿಗೆ ಯಾರ ಕಾಣಿಕೆಯ ಹಂಗೂ ಇರಲಿಲ್ಲ. ತರುಣ ಪೇಶ್ವೆ ಮಾಧವರಾಯನು ಜಪದಲ್ಲಿ ಮೈಮರೆತು ರಾಜಕಾರ್ಯವನ್ನು ಉಪೇಕ್ಷಿಸಿದಾಗ, ಜಪವೇ ಬೇಕಾದರೆ ಗದ್ದುಗೆಯನ್ನು ಬಿಟ್ಟು ಕಾಶಿಗೆ ತೆರಳುವುದು ಲೇಸೆಂದು ಎದುರಿಗೇ ತಿಳಿಸಿದರು. ಆ ಮಾತನ್ನು ಮಾಧವರಾಯನು ಶಿರಸಾವಹಿಸಿದುದು ಅವನ ದೊಡ್ಡತನ.

ಅವನ ತರುವಾಯ ಪೇಶ್ವೆಯಾದ ತಮ್ಮ ನಾರಾಯಣರಾಯನು, ಹದಿನೆಂಟರ ಹರೆಯದಲ್ಲಿ, ೧೭೭೩ನೆಯ ಆಗಸ್ಟ್ ೩೦ರಂದು ಶನಿವಾರವಾಡೆಯಲ್ಲಿ ಚಿಕ್ಕಪ್ಪ ರಘುನಾಥರಾಯನನ್ನು ಅಪ್ಪಿಕೊಂಡು ಪ್ರಾಣಭಿಕ್ಷೆ ಬೇಡುತ್ತಿರುವಾಗಲೇ ಗಾರದಿ ಸಿಪಾಯಿಗಳ ಕತ್ತಿಗೆ ಬಲಿಯಾದನು. ಪೌರರ ಶೋಕಕ್ರೋಧಗಳಿಗೆ ಚಿಕ್ಕಪ್ಪನೇ ಗುರಿಯಾದನು. ಶಾಸ್ತ್ರಿಗಳಾದರೋ ಜನಾಪವಾದವನ್ನು ಸಾಕ್ಷ್ಯವೆಂದೆಣಿಸಲಿಲ್ಲ. ಸುಮಾರು ಆರು ವಾರ ಶೋಧಿಸಿ, ಪುರಾವೆ ದೊರೆತ ಮೇಲೆಯೇ, ಅಷ್ಟರಲ್ಲಿ ಪೇಶ್ವೆಯಾಗಿದ್ದ ರಘುನಾಥರಾಯನೆದುರು ನಿಂತರು. ಸೆರೆಹಿಡಿಯಲು ಮಾತ್ರ ಅಪ್ಪಣೆಯಿತ್ತಿದ್ದೆನೆಂದು ಅವನು ಒಪ್ಪಿಕೊಂಡು ಪ್ರಾಯಶ್ಚಿತ್ತವನ್ನು ಕೇಳಿದನು. ದಾನವನ್ನೋ ತೀರ್ಥಯಾತ್ರೆಯನ್ನೋ ವಿಧಿಸಿ ಪ್ರಭುವನ್ನು ಸಮಾಧಾನಗೊಳಿಸುವುದು ಬೇರೊಬ್ಬ ಪಂಡಿತರಿಗೆ ಸುಲಭವಾಗಿತ್ತು. ಇವರು ಅವನ ಪಶ್ಚಾತ್ತಾಪಕ್ಕೆ ಮರುಗಿ ಧರ್ಮವನ್ನು ಸಡಿಲಿಸಲಿಲ್ಲ. ಪ್ರಾಣತ್ಯಾಗವೊಂದೇ ಪ್ರಾಯಶ್ಚಿತ್ತವೆಂದು ನಿರ್ಣಯವಿತ್ತರು. ವಿಚಾರಣೆ ಮುಗಿಯುವವರೆಗೆ ಅದುಮಿಟ್ಟಿದ್ದ ನೋವು ಆಗ ಹೊರಬಿದ್ದಿತೋ ಏನೋ, ಅವನ ಆಳಿಕೆಯಲ್ಲಿ ಪುಣೆಗೆ ಕಾಲಿಡೆನೆಂದು ಅಧಿಕಾರವನ್ನು ತೊರೆದು ವಾಯಿಯ ಸಮೀಪದ ಹಳ್ಳಿಯೊಂದನ್ನು ಸೇರಿದರು.

ರಘುನಾಥರಾಯನು ಪದಚ್ಯುತನಾದ ಬಳಿಕ ಮಂತ್ರಿಗಳು ಕರೆಯಲು, ಮರಳಿ ಬಂದು ಅದೇ ನ್ಯಾಯಪೀಠವನ್ನೇರಿದರು. ೧೭೮೯ರಲ್ಲಿ ದೇಹವಿಟ್ಟರು.