ಅಮೀರಬಾಯಿ ಕರ್ನಾಟಕಿ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ನಾಡಿನಲ್ಲಿ ಬೀಳಗಿ ಎಂಬ ಊರಿದೆ. ಇಂದು ಅದು ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಕೇಂದ್ರ. ೧೯೯೭ರವರೆಗೆ ವಿಜಾಪುರ ಜಿಲ್ಲೆಗೆ ಸೇರಿತ್ತು. ೧೯೫೬ರವರೆಗೆ ಆ ವಿಜಾಪುರ ಜಿಲ್ಲೆಯೇ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಿನಗಳಲ್ಲಿ ಈ ಊರಿನ ಒಂದು ಮುಸಲ್ಮಾನ ಮನೆತನದಲ್ಲಿ ಐವರು ಅಕ್ಕತಂಗಿಯರು ಹುಟ್ಟಿ ಬೆಳೆದರು. ಅವರಲ್ಲಿ ಇಬ್ಬರು ತಮ್ಮ ಕಂಠದಿಂದ ನಾಡಿನಾಚೆಗೂ ಹೆಸರಾದರು. ಹಿರಿಯಳು ಗೋಹರಬಾಯಿ, ಕಿರಿಯಳು ಅಮೀರಬಾಯಿ.

ಆ ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಪಟ್ಟಣಗಳಿಗೆ ನಾಟಕಕ್ಕಿಂತ ದೊಡ್ಡ ಸಂಭ್ರಮ ಬೇರೊಂದಿರಲಿಲ್ಲ. ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ಮುಂತಾದವರ ಕಂಪನಿಗಳು ಊರಿಂದೂರಿಗೆ ಸಂಚರಿಸುತ್ತಿದ್ದವು. ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಗೆ ಶಿರೂರು, ಇಳಕಲ್ಲು, ಗುಳೇದಗುಡ್ಡ, ಹುನಗುಂದ ಕಡೆಯ ಜನರು ಚಕ್ಕಡಿ ಕಟ್ಟಿಕೊಂಡು ಬಂದು, ಹಗಲು ದೇವರ ದರ್ಶನ ಮಾಡಿ, ರಾತ್ರಿ ನಾಟಕಕ್ಕೆ ಕೂಡುತ್ತಿದ್ದರು. ಆಟ ಆರಂಭವಾದರೆ ಮುಗಿಯುವುದು ಬೆಳಗಿನ ಕೋಳಿ ಕೂಗುವ ಹೊತ್ತಿಗೆ. ಧ್ವನಿವರ್ಧಕವಿಲ್ಲದ ಆ ರಂಗದ ಮೇಲೆ ನಟರ ಮಾತು ಮತ್ತು ಹಾಡು ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತವನ ಕಿವಿಗೂ ಮುಟ್ಟಬೇಕಿತ್ತು. ಕಂಠವಿಲ್ಲದವನಿಗೆ ಕಂಪನಿಯಲ್ಲಿ ಸ್ಥಾನವಿರಲಿಲ್ಲ.

ಬಹುಕಾಲ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಕ್ರಮೇಣ ಸ್ತ್ರೀಯರು ರಂಗವನ್ನು ಏರಿದರು. ಆದರೆ ಅವರ ಬಗ್ಗೆ ಸಮಾಜಕ್ಕೆ ಎರಡು ಮನಸ್ಸು. ರಾತ್ರಿ ಅವರ ಹಾಡಿಗೆ ಒನ್ಸ್‌ಮೋರ್ ಕೂಗಿದವರೇ ಹಗಲಿನಲ್ಲಿ ಅವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಕಲೆ ಬೇಕು, ಕಲಾವಿದೆ ಬೇಡ ಎಂಬ ಈ ವಿಚಿತ್ರ ನೀತಿಯ ನಡುವೆಯೇ ಅಕ್ಕತಂಗಿಯರಿಬ್ಬರೂ ಬದುಕು ಕಟ್ಟಿಕೊಳ್ಳಬೇಕಾಯಿತು.

ಸಂಗೀತ, ನಾಟಕಗಳ ನಂಟು ಅವರಿಗೆ ಮನೆಯಲ್ಲಿಯೇ ದೊರೆಯಿತು. ಗಡಿನಾಡಿನಲ್ಲಿ ಬೆಳೆದವರಾದ ಕಾರಣ ಕನ್ನಡದ ಜೊತೆಗೆ ಉರ್ದು, ಮರಾಠಿಗಳೂ ಅವರ ನಾಲಗೆಯ ಮೇಲೆ ಸಹಜವಾಗಿ ಆಡುತ್ತಿದ್ದವು. ಈ ಬಹುಭಾಷೆಯ ಸಂಪತ್ತು ಮುಂದೆ ಅಮೀರಬಾಯಿಯವರಿಗೆ ಎಷ್ಟು ಉಪಕಾರಿಯಾಯಿತೆಂಬುದನ್ನು ಹೇಳಿ ತೀರದು. ಇನ್ನೂ ಹದಿನೈದರ ಆಸುಪಾಸಿನ ಪ್ರಾಯದಲ್ಲಿ ಅವರು ಮುಂಬಯಿಗೆ ತೆರಳಿದರು. ಆಗಲೇ ನಟಿಯಾಗಿ ಹೆಸರು ಗಳಿಸುತ್ತಿದ್ದ ಅಕ್ಕ ಗೋಹರಬಾಯಿಯವರ ನೆರವಿನಿಂದ ೧೯೩೪ರಲ್ಲಿ ‘ವಿಷ್ಣುಭಕ್ತಿ’ ಎಂಬ ಹಿಂದಿ ಚಿತ್ರದಲ್ಲಿ ಅಮೀರಬಾಯಿಯವರಿಗೆ ಪಾತ್ರ ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡದ್ದೂ ಅದೇ ವರ್ಷ. ಅದಾದರೂ ಚಿತ್ರೀಕರಣಗೊಂಡದ್ದು ಕೊಲ್ಲಾಪುರದಲ್ಲಿ. ಸಿನಿಮಾದಲ್ಲಿ ಮುಂದೆ ಬರಬೇಕೆಂಬ ಕನ್ನಡದ ಕಲಾವಿದೆಗೆ ಆಗ ಹೊರನಾಡಿಗೆ ಹೋಗದೆ ಬೇರೆ ದಾರಿಯಿರಲಿಲ್ಲ.

ಹೋದಲ್ಲಿ ಅಕ್ಕತಂಗಿಯರು ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡರು. ಇಂದು ಇದು ಸಾಮಾನ್ಯ ಸಂಗತಿಯೆನಿಸಬಹುದು. ಆದರೆ ಆಗ ಭೂಪಟದಲ್ಲಿ ಕರ್ನಾಟಕವೆಂಬ ಪ್ರಾಂತವೇ ಇರಲಿಲ್ಲ. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕನ್ನಡ ನಾಡು ಒಂದಾದದ್ದು ೧೯೫೬ರ ನವೆಂಬರ್ ೧ರಂದು. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರ ನವೆಂಬರ್ ೧ರಂದು, ಅಂದರೆ ಅಮೀರಬಾಯಿಯವರು ತೀರಿಕೊಂಡ ಎಂಟು ವರ್ಷಗಳ ಮೇಲೆ. ರಾಜ್ಯಕ್ಕೆ ಇಲ್ಲದ ಹೆಸರನ್ನು ಬೀಳಗಿಯ ಈ ಮಗಳು ಅಷ್ಟು ಮೊದಲೇ ಭಾರತದ ಮೂಲೆಮೂಲೆಗೆ ಕೊಂಡೊಯ್ದಿದ್ದರು. ಕನ್ನಡ ಕೋಗಿಲೆ ಎಂಬ ಬಿರುದೂ ಅವರಿಗೆ ಬಂದಿತು.

ವಾಕ್ಚಿತ್ರದ ಮೊದಲ ವರ್ಷಗಳಲ್ಲಿ ನಟಿಯಾದವಳು ಹಾಡಲೂ ಬಲ್ಲವಳಾಗಿರಬೇಕಿತ್ತು. ಕ್ಯಾಮರಾದ ಎದುರು ಅಭಿನಯಿಸುತ್ತಲೇ ಹಾಡಬೇಕು. ವಾದ್ಯದವರು ಗಿಡದ ಮರೆಯಲ್ಲಿಯೋ ಪರದೆಯ ಹಿಂದೆಯೋ ಅಡಗಿ ಕುಳಿತು ನುಡಿಸಬೇಕು. ೧೯೩೫ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ವೇಳೆ ಅದನ್ನು ನುಡಿಸಿ, ನಟರು ಅದಕ್ಕೆ ತುಟಿ ಆಡಿಸುವ ಪದ್ಧತಿಯನ್ನು ತಂದರು. ಇದೇ ಹಿನ್ನೆಲೆ ಗಾಯನ. ಇದರಿಂದ ಚೆಲುವಿನ ಮುಖ ಒಬ್ಬರದು, ಇನಿದಾದ ಕಂಠ ಇನ್ನೊಬ್ಬರದು ಆಗುವುದು ಸಾಧ್ಯವಾಯಿತು. ಗಾಯಕಿ ತೆರೆಯ ಮರೆಗೆ ಸರಿದಳು. ಧ್ವನಿಮುದ್ರಿಕೆಯ ಮೇಲೆ ಹಾಡಿದವಳ ಹೆಸರಿಗೆ ಬದಲು ಚಿತ್ರದ ಪಾತ್ರದ ಹೆಸರನ್ನು ಅಚ್ಚು ಹಾಕುವ ರೂಢಿಯೂ ಬಹಳ ದಿನ ಉಳಿದಿತ್ತು.

ಅಮೀರಬಾಯಿಯವರು ಮೊದಲ ಎಂಟು ಹತ್ತು ವರ್ಷ ಹಾಡುವ ನಟಿಯಾಗಿಯೇ ದುಡಿದರು. ೧೯೪೦ರ ‘ನರಸಿ ಭಗತ್’ ಚಿತ್ರದಲ್ಲಿ ಅವರು ನಟಿಸಿದರು, ಹಾಡಿದರು. ಅವರ ಕಂಠದಲ್ಲಿ ನರಸಿ ಮೆಹತಾರ ‘ವೈಷ್ಣವ ಜನತೋ’ ಭಜನೆಯನ್ನು ಗಾಂಧೀಜಿಯವರು ಬಹುವಾಗಿ ಮೆಚ್ಚಿದ್ದರೆಂದು ಹೇಳುತ್ತಾರೆ. ಆದರೆ ದೊಡ್ಡ ಕೀರ್ತಿಗಾಗಿ ಅವರು ೧೯೪೩ರವರೆಗೆ ಕಾಯಬೇಕಾಯಿತು.

ಆ ವರ್ಷ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಬಿಡುಗಡೆಯಾಯಿತು. ಅಶೋಕಕುಮಾರ್ ನಾಯಕರು, ಸಂಗೀತ ಅನಿಲ್ ಬಿಸ್ವಾಸ್ ಅವರದು, ಹಾಡುಗಳನ್ನು ಬರೆದವರು ಕವಿ ಪ್ರದೀಪ್. ನಾಯಕಿ ಮುಮ್ತಾಜ್ ಶಾಂತಿಯವರಿಗೆ ಕಂಠ ನೀಡಿದವರು ಅಮೀರಬಾಯಿ. ಕ್ವಿಟ್ ಇಂಡಿಯಾ ಚಳವಳಿಯ ಬೆಂಕಿ ಆರದ ಕಾಲವದು. ಗಾಂಧೀಜಿಯವರೂ ಇತರ ನಾಯಕರೂ ಸೆರೆಯಲ್ಲಿದ್ದರು. ಚಿತ್ರದಲ್ಲಿ ಪರಕೀಯರಿಗೆ ದೂರ ಸರಿಯಲು ಹೇಳುವ ಒಂದು ಹಾಡಿತ್ತು. ಅದನ್ನು ಖಾನ್ ಮಸ್ತಾನಾ ಮೊದಲಾದವರ ಜೊತೆ ಅಮೀರಬಾಯಿ ಹಾಡಿದರು. ಸೆನ್ಸಾರಿನವರ ಕಣ್ಣು ತಪ್ಪಿಸಲು ಪ್ರದೀಪರು ಆಗಿನ ಯುದ್ಧದ ಶತ್ರುಗಳಾದ ಜರ್ಮನರ, ಜಪಾನೀಯರ ಹೆಸರುಗಳನ್ನು ಅದರಲ್ಲಿ ಸೇರಿಸಿದ್ದರು. ಸರಕಾರ ಮೋಸಹೋಯಿತು, ಜನ ಮೋಸಹೋಗಲಿಲ್ಲ. ಯಾರನ್ನು ಕುರಿತು ಹಾಡಿದ್ದೆಂದು ಎಲ್ಲರಿಗೂ ಗೊತ್ತಾಯಿತು. ಚಿತ್ರಮಂದಿರಗಳಲ್ಲಿ ಪ್ರೇಕ್ಷಕರು ಆ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ‘ಕಿಸ್ಮತ್’ ಮೂರು ವರ್ಷಕ್ಕೂ ಮಿಕ್ಕು ಓಡಿತು. ಇಷ್ಟು ಗಡುಸಾಗಿ ಮೊಳಗಿದ ಕಂಠವೇ ಅದೇ ಚಿತ್ರದಲ್ಲಿ ಮೆಲ್ಲನೆಯ ಜೋಗುಳವೊಂದನ್ನೂ ಹಾಡಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿದವರು ಇವು ಒಬ್ಬಳದೇ ಧ್ವನಿಯೆಂದು ಸುಲಭವಾಗಿ ನಂಬಲಾರರು. ಕಡೆಯ ಸಾಲಿಗೆ ಮುಟ್ಟುವಂತೆ ಎತ್ತರಿಸಿ ಹಾಡುವ ನಾಟಕದ ಪರಂಪರೆಯಿಂದ ಬಂದವರು ಮೈಕಿನ ಮುಂದೆ ಪಿಸುಮಾತಿನಷ್ಟು ನಯಕ್ಕೆ ಇಳಿಯುವುದು ಸಾಮಾನ್ಯ ಸಾಧನೆಯಲ್ಲ.

ಮುಂದಿನ ನಾಲ್ಕು ವರ್ಷ ಅವರದೇ ಕಾಲ. ೧೯೪೪ರಲ್ಲಿ ‘ರತನ್’, ‘ಭರ್ತೃಹರಿ’ ಚಿತ್ರಗಳ ಹಾಡುಗಳು ಮನೆಮಾತಾದವು. ಗುಜರಾತಿಯ ‘ರಾಣಕದೇವಿ’ ಚಿತ್ರದಲ್ಲಿ ತನ್ನ ಹಳ್ಳಿಗೆ ಬರುವಂತೆ ಪ್ರಿಯನನ್ನು ಕರೆಯುವ ಜಾನಪದ ಧಾಟಿಯ ಹಾಡೊಂದಿದೆ. ಬೀಳಗಿಯ ಹೆಣ್ಣುಮಗಳು ಹಾಡಿದ ಆ ಹಾಡನ್ನು ಗುಜರಾತಿನ ಜನ ತಮ್ಮದೇ ಮನೆಯ ಹಾಡೆಂಬಂತೆ ಎತ್ತಿಕೊಂಡರು. ಇತರ ಗಾಯಕಿಯರಿಗೆ ಒಂದು ಹಾಡಿಗೆ ಐನೂರು ರೂಪಾಯಿ ಸಿಗುತ್ತಿದ್ದಾಗ ಅಮೀರಬಾಯಿಯವರಿಗೆ ಸಾವಿರ ಸಿಗುತ್ತಿತ್ತೆಂದು ಆ ಕಾಲದ ಸಿನಿಮಾ ಪತ್ರಿಕೆಯೊಂದು ಬರೆಯಿತು.

ಕೈತುಂಬ ಹಣ, ನಾಡತುಂಬ ಹೆಸರು ಇದ್ದರೂ ಮನೆಯಲ್ಲಿ ನೆಮ್ಮದಿಯಿರಲಿಲ್ಲ. ಖಳಪಾತ್ರಗಳಿಗೆ ಹೆಸರಾದ ಹಿಮಾಲಯವಾಲಾ ಎಂಬ ನಟನನ್ನು ಅವರು ಮದುವೆಯಾಗಿದ್ದರು. ಆ ಸಂಸಾರದಲ್ಲಿ ಅವರು ಉಂಡದ್ದು ಹಿಂಸೆಯನ್ನೇ. ಲಕ್ಷಾಂತರ ಜನರ ದುಃಖವನ್ನು ಹಾಡಿ ಹಗುರಮಾಡಿದವರ ದುಃಖವನ್ನು ಕೇಳುವವರಿರಲಿಲ್ಲ. ಸಹಿಸಿಕೊಂಡು ಸುಮ್ಮನಿರುವುದೇ ಹೆಣ್ಣಿನ ಧರ್ಮವೆಂದು ಭಾವಿಸಿದ್ದ ಆ ಕಾಲದಲ್ಲಿ ಅಮೀರಬಾಯಿಯವರು ಸುಮ್ಮನಿರಲಿಲ್ಲ. ವಿಚ್ಛೇದನ ಪಡೆದು ಹೊರಬಂದರು. ದೇಶವಿಭಜನೆಯಾದ ಮೇಲೆ ಆತ ಪಾಕಿಸ್ತಾನಕ್ಕೆ ಹೋದನು. ಅಮೀರಬಾಯಿಯವರು ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ವಿವಾಹವಾದರು.

ಅಕ್ಕ ಗೋಹರಬಾಯಿಯವರ ಬದುಕೂ ಹೂವಿನ ಹಾಸಿಗೆಯಾಗಿರಲಿಲ್ಲ. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರು ಸ್ತ್ರೀಪಾತ್ರಗಳಿಗೆ ಜಗದ್ವಿಖ್ಯಾತರು. ಅವರಿಗೆ ಐವತ್ತರ ವಯಸ್ಸು ಸಮೀಪಿಸಿದಾಗ, ೧೯೩೦ರ ದಶಕದ ಕೊನೆಯ ವರ್ಷಗಳಲ್ಲಿ, ಗೋಹರಬಾಯಿ ಅವರ ಕಂಪನಿಯನ್ನು ಸೇರಿ, ಅವರು ಮೆರೆದ ನಾಯಕಿಯ ಪಾತ್ರಗಳನ್ನೇ ವಹಿಸಿದರು. ಇದಕ್ಕಿಂತ ಕಠಿನವಾದ ಪರೀಕ್ಷೆ ನಟಿಯೊಬ್ಬಳಿಗೆ ಇನ್ನೊಂದಿರಲಾರದು. ಬಾಲಗಂಧರ್ವರ ಅಭಿಮಾನಿಗಳಲ್ಲಿ ಅನೇಕರು ಆಕೆಯನ್ನು ಒಪ್ಪಲಿಲ್ಲ, ನಿಂದಿಸಿದರು. ೧೯೫೧ರಲ್ಲಿ ಅವರಿಬ್ಬರ ವಿವಾಹವಾಯಿತು. ಮಹಾನಟರ ಕಾಲು ಸೋತು, ಕಂಪನಿಯ ವೈಭವ ಕರಗಿದ ದಿನಗಳಲ್ಲಿಯೂ ಗೋಹರಬಾಯಿ ಅವರ ಜೊತೆಗಿದ್ದರು.

ಇತ್ತ ಮುಂಬಯಿಯಲ್ಲಿ ಕಾಲ ತಿರುಗಿತು. ೧೯೪೯ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳೊಂದಿಗೆ ಲತಾ ಮಂಗೇಶಕರ್ ಅವರ ತೆಳುವಾದ, ಮೊನಚಾದ ಕಂಠ ಎಲ್ಲೆಡೆ ಹಬ್ಬಿತು. ರಂಗಭೂಮಿಯ ಮಣ್ಣಿನ ವಾಸನೆಯುಳ್ಳ ತುಂಬುಕಂಠಗಳು ಒಂದೊಂದಾಗಿ ಹಿಂದೆ ಸರಿದವು. ಅಮೀರಬಾಯಿಯವರಿಗೂ ಅವಕಾಶಗಳು ಕಡಿಮೆಯಾದವು. ಆದರೆ ಅವರು ಅದಕ್ಕೆ ಕೊರಗುತ್ತ ಕೂರಲಿಲ್ಲ. ೧೯೪೮ರಲ್ಲಿಯೇ ‘ಶಹನಾಜ್’ ಎಂಬ ಚಿತ್ರಕ್ಕೆ ಸಂಗೀತ ಸಂಯೋಜಿಸಿದ್ದರು. ಜದ್ದನ್‌ಬಾಯಿ, ಸರಸ್ವತಿದೇವಿಯಂಥ ಬೆರಳೆಣಿಕೆಯ ಸ್ತ್ರೀಯರು ಮಾತ್ರ ಹಿಂದಿ ಚಿತ್ರಗಳಲ್ಲಿ ಆ ಕೆಲಸ ಮಾಡಿದ್ದರು. ಹಾಡಲು ಕರೆಯುವವರು ಇಲ್ಲವಾದಾಗ ಅಮೀರಬಾಯಿ ಮತ್ತೆ ಬಣ್ಣ ಹಚ್ಚಿದರು. ನಾಯಕಿಯಾಗಿಯೇ ಉಳಿಯಬೇಕೆಂಬ ಹಟವಿಲ್ಲದೆ ಪೋಷಕ ಪಾತ್ರಗಳನ್ನು ಒಪ್ಪಿಕೊಂಡರು. ಬಿಟ್ಟು ಬಂದ ಕಸುಬಿಗೆ ಇಳಿವಯಸ್ಸಿನಲ್ಲಿ ಕೆಳಗಿನ ಮೆಟ್ಟಿಲಿನಿಂದ ಮರಳುವುದು ಎಲ್ಲರಿಂದಾಗುವ ಮಾತಲ್ಲ. ಹೀಗೆ ೧೯೩೪ರಲ್ಲಿ ಆರಂಭವಾದ ಅವರ ಚಿತ್ರಜೀವನ ಕಾಲು ಶತಮಾನದಷ್ಟು ನಡೆಯಿತು.

ಮುಂಬಯಿಯಲ್ಲಿ ಗಳಿಸಿದರೂ ತಮ್ಮ ಸೀಮೆಯನ್ನು ಅವರು ಮರೆಯಲಿಲ್ಲ. ಆಗ ವಿಜಾಪುರವೆನಿಸಿದ್ದ ವಿಜಯಪುರದಲ್ಲಿ ಒಂದು ಚಿತ್ರಮಂದಿರವನ್ನು ಕಟ್ಟಿಸಿದರು. ಅದಕ್ಕೆ ಅಮೀರ್ ಟಾಕೀಸ್ ಎಂಬ ಹೆಸರಾಯಿತು. ಮುದ್ರಿಕೆಗಳ ಮೇಲೆ ಕಂಠಕ್ಕೆ ಹೆಸರಿಲ್ಲದ ದಿನಗಳನ್ನು ಕಂಡವರ ಹೆಸರು, ತಮ್ಮ ನಾಡಿನ ಪೇಟೆಯ ಬೀದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ನಿಂತಿತು.

೧೯೬೪ರಲ್ಲಿ ಅಕ್ಕ ಗೋಹರಬಾಯಿ ತೀರಿಕೊಂಡರು. ಮರುವರ್ಷ ಅಮೀರಬಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕೇ ದಿನಗಳಲ್ಲಿ, ೧೯೬೫ರ ಮಾರ್ಚ್ ೩ರಂದು, ಅವರು ಕಣ್ಣುಮುಚ್ಚಿದರು. ವಿಜಯಪುರದಲ್ಲಿ ಅವರನ್ನು ಮಣ್ಣುಮಾಡಲಾಯಿತು.