ಹಡಗಿನ ಲೆಕ್ಕ ಓದಿದ ಗುಮಾಸ್ತ

ಈ ಸಲದ ಸಂಚಿಕೆಗೆ ಒಬ್ಬ ಗುಮಾಸ್ತನ ಬದುಕಿನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಎಡ್ಮಂಡ್ ಮೊರೆಲ್. ತೀರಿಕೊಂಡು ನೂರು ವರ್ಷ ದಾಟಿತು. ಆಫ್ರಿಕಾದ ಇತಿಹಾಸ ಓದಿದವರಿಗೆಲ್ಲ ಗೊತ್ತಿರುವ ಹೆಸರು, ನಮ್ಮ ಕಡೆ ಅಷ್ಟಾಗಿ ಕೇಳಿಬಂದಿಲ್ಲ. ನಾನು 11 ವರ್ಷದಿಂದ ದುಬೈಯ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಕೆಲಸ ಮಾಡುತ್ತಿದ್ದೇನೆ. ಬಿಲ್ ಆಫ್ ಲೇಡಿಂಗ್, ಮ್ಯಾನಿಫೆಸ್ಟು, ಪ್ಯಾಕಿಂಗ್ ಲಿಸ್ಟು, ಬೆಳಗ್ಗಿಂದ ಸಂಜೆವರೆಗೆ ಇವೇ. ಸಂಘದಲ್ಲಿ ನನ್ನ ಹಾಗೆ ಬಂದರಿನ ಕೆಲಸದವರು ಬಹಳ ಮಂದಿ ಇದ್ದೀರಿ. ಮೊರೆಲ್‌ನ ಕತೆ ನನಗೆ ಹತ್ತಿರವಾದದ್ದು ಅದಕ್ಕೇ. ಸಾವಿರಾರು ಮೈಲಿ ದೂರದ ಒಂದು ದೇಶದಲ್ಲಿ ನಡೆಯುತ್ತಿದ್ದ ಕೊಲೆಗಳ ಸುಳಿವು ಅವನಿಗೆ ಸಿಕ್ಕಿದ್ದು ನಮ್ಮ ಕೈಗೆ ದಿನಾ ಬರುವಂಥ ಕಾಗದಗಳಲ್ಲಿ.

ಮೊರೆಲ್ ಕೂಡ ಒಂದು ರೀತಿಯಲ್ಲಿ ವಲಸೆ ಬಂದವನೇ. ಹುಟ್ಟಿದ್ದು 1873ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಫ್ರಾನ್ಸಿನವನು, ಸರಕಾರಿ ನೌಕರ. ಅಮ್ಮ ಇಂಗ್ಲೆಂಡಿನವಳು. ಹುಡುಗನಿಗೆ ನಾಲ್ಕು ವರ್ಷ ಆಗುವಾಗ ಅಪ್ಪ ತೀರಿಕೊಂಡ. ಅಮ್ಮ ಮಗನನ್ನು ಇಂಗ್ಲೆಂಡಿನ ಶಾಲೆಗೆ ಹಾಕಿದಳು. ಆದರೆ ದುಡ್ಡಿನ ತಾಪತ್ರಯದಿಂದ ಹದಿನೈದಕ್ಕೇ ಓದು ನಿಂತಿತು. ಪ್ಯಾರಿಸ್‌ನ ಒಂದು ಬ್ಯಾಂಕಿನಲ್ಲಿ ಸ್ವಲ್ಪ ಕಾಲ ದುಡಿದು, 1891ರಲ್ಲಿ ಲಿವರ್‌ಪೂಲ್ ಬಂದರಿಗೆ ಬಂದು ಎಲ್ಡರ್ ಡೆಂಪ್‌ಸ್ಟರ್ ಎಂಬ ಹಡಗು ಕಂಪನಿಯಲ್ಲಿ ಗುಮಾಸ್ತನಾದ. ಸಂಬಳ ಸಾಲದೆ ಫ್ರೆಂಚ್ ಪಾಠ ಹೇಳಿಕೊಟ್ಟ, ಪತ್ರಿಕೆಗಳಿಗೆ ವ್ಯಾಪಾರದ ಸುದ್ದಿ ಬರೆದ. ಮದುವೆಯಾದ, ಮಕ್ಕಳಾದವು. ಮೇಲೆ ಬರಬೇಕೆಂದು ಕಷ್ಟಪಡುವ ಸಾಮಾನ್ಯ ಸಂಸಾರಸ್ಥ.

ಈಗ ಕಾಂಗೋ ವಿಷಯಕ್ಕೆ ಬರುತ್ತೇನೆ. 1884-85ರಲ್ಲಿ ಬರ್ಲಿನ್‌ನಲ್ಲಿ ಯುರೋಪಿನ ದೇಶಗಳು ಕೂತು ಆಫ್ರಿಕಾದಲ್ಲಿ ಯಾರಿಗೆ ಎಲ್ಲಿ ಹಕ್ಕು ಎಂಬುದರ ನಿಯಮ ಬರೆದುಕೊಂಡವು. ಆ ಹೊತ್ತಿಗೆ ಬೆಲ್ಜಿಯಂನ ರಾಜ ಎರಡನೇ ಲಿಯೊಪೋಲ್ಡ್ ಕಾಂಗೋ ನದಿಯ ಇಡೀ ಸೀಮೆಯನ್ನು ತನ್ನ ಸ್ವಂತಕ್ಕೆ ಮಾಡಿಕೊಂಡ. ಬೆಲ್ಜಿಯಂ ದೇಶಕ್ಕಲ್ಲ, ತನಗೆ! ಬೆಲ್ಜಿಯಂಗಿಂತ ಎಪ್ಪತ್ತು ಪಟ್ಟಿಗೂ ದೊಡ್ಡ ನೆಲ ಅದು. ಅಲ್ಲಿಗೆ ಅವನು ಒಮ್ಮೆಯೂ ಕಾಲಿಡಲಿಲ್ಲ. ಮುಕ್ತ ವ್ಯಾಪಾರ, ಗುಲಾಮಗಿರಿಯ ನಿರ್ಮೂಲನೆ, ಜನರ ಏಳಿಗೆ ಎಂದು ಲೋಕಕ್ಕೆ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಗಾಳಿ ತುಂಬುವ ಟಯರು ಬಂತು, ರಬ್ಬರಿಗೆ ಎಲ್ಲಿಲ್ಲದ ಬೆಲೆ ಬಂತು. ಕಾಂಗೋ ಕಾಡಿನಲ್ಲಿ ರಬ್ಬರಿನ ಬಳ್ಳಿಗಳು ಬೇಕಾದಷ್ಟು ಇದ್ದವು.

ಕಾಂಗೋದಿಂದ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿಗೆ ಸರಕು ಸಾಗಿಸುವ ಗುತ್ತಿಗೆ ಮೊರೆಲ್‌ನ ಕಂಪನಿಯದ್ದು. ಅವನಿಗೆ ಫ್ರೆಂಚ್ ಬರುತ್ತಿದ್ದ ಕಾರಣ ಲೆಕ್ಕ ನೋಡಲು ಆಗಾಗ ಆಂಟ್‌ವರ್ಪ್‌ಗೆ ಕಳಿಸುತ್ತಿದ್ದರು. 1890ರ ದಶಕದ ಕೊನೆ. ಹಡಗುಕಟ್ಟೆಯಲ್ಲಿ ನಿಂತು ಲೋಡಿಂಗ್ ನೋಡುತ್ತಿದ್ದವನಿಗೆ ಮೂರು ಸಂಗತಿ ಕಣ್ಣಿಗೆ ಬಿದ್ದವು. ಒಂದು, ಕಾಂಗೋಗೆ ಹೋಗುವ ಹಡಗಿನಲ್ಲಿ ಕೋವಿ, ಮದ್ದುಗುಂಡು ಲೆಕ್ಕಕ್ಕಿಂತ ಜಾಸ್ತಿ. ಎರಡು, ಬಂದಿಳಿಯುವ ರಬ್ಬರು ಮತ್ತು ಆನೆದಂತಕ್ಕೂ ಸರಕಾರ ಪ್ರಕಟಿಸುವ ಅಂಕಿಗೂ ತಾಳೆ ಇಲ್ಲ. ಹೆಚ್ಚಿನ ಲಾಭ ಯಾರದ್ದೋ ಜೇಬಿಗೆ ಹೋಗುತ್ತಿತ್ತು. ಮೂರನೆಯದ್ದು ಎಲ್ಲಕ್ಕಿಂತ ಮುಖ್ಯ. ಹಡಗು ತುಂಬ ಬೆಲೆಬಾಳುವ ಮಾಲು ಬರುತ್ತಿದೆ, ಆದರೆ ಅದಕ್ಕೆ ಬದಲಾಗಿ ವ್ಯಾಪಾರದ ಸರಕು ಹೋಗುತ್ತಲೇ ಇಲ್ಲ.

ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ಕೊಂಡುಕೊಂಡರೆ ದುಡ್ಡು ಹೋಗಬೇಕು, ಇಲ್ಲ ಬದಲಿ ಸರಕು ಹೋಗಬೇಕು. ಎರಡೂ ಹೋಗುತ್ತಿಲ್ಲ, ಹೋಗುವುದು ಕೋವಿ ಮಾತ್ರ ಅಂದ್ರೆ ಏನರ್ಥ? ರಬ್ಬರು ತರುವವರಿಗೆ ಕೂಲಿ ಕೊಡುತ್ತಿಲ್ಲ, ಕೋವಿ ತೋರಿಸಿ ತರಿಸುತ್ತಿದ್ದಾರೆ. ಕಾಂಗೋ ನೋಡದೆಯೇ ಮೊರೆಲ್‌ಗೆ ಇದು ಅರ್ಥವಾಯಿತು. ಒಂದು ಇಡೀ ರಾಜ್ಯ ಜೀತದ ಮೇಲೆ ನಡೆಯುತ್ತಿತ್ತು.

ನಿಜಸ್ಥಿತಿ ಇನ್ನೂ ಭಯಂಕರವಾಗಿತ್ತು. ಸಿಪಾಯಿಗಳು ಹಳ್ಳಿಗೆ ನುಗ್ಗಿ ಹೆಂಗಸರನ್ನು ಒತ್ತೆ ಹಿಡಿಯುತ್ತಿದ್ದರು. ಗಂಡಸರು ಕಾಡಿನಿಂದ ನಿಗದಿಯಷ್ಟು ರಬ್ಬರು ತಂದರೆ ಮಾತ್ರ ಬಿಡುಗಡೆ. ಎದುರು ನಿಂತ ಹಳ್ಳಿಗೆ ಗುಂಡು. ಗುಂಡು ಬೇಟೆಗೆ ಪೋಲಾಗಿಲ್ಲ ಎಂದು ತೋರಿಸಲು ಸತ್ತವರ ಬಲಗೈ ಕತ್ತರಿಸಿ ತಂದು ಲೆಕ್ಕ ಒಪ್ಪಿಸಬೇಕಿತ್ತು. ಲೆಕ್ಕ ಸರಿಮಾಡಲು ಬದುಕಿದ್ದವರ ಕೈಗಳನ್ನೂ ಕತ್ತರಿಸಿದ್ದುಂಟು.

ಮೊರೆಲ್ ಹೋಗಿ ಕಂಪನಿಯ ಯಜಮಾನ ಆಲ್ಫ್ರೆಡ್ ಜೋನ್ಸ್‌ಗೆ ಹೇಳಿದ. ಯಜಮಾನನಿಗೆ ಕಾಂಗೋ ದೊಡ್ಡ ಗಿರಾಕಿ. ಮೊದಲು ಬೇರೆ ದೇಶದಲ್ಲಿ ಒಳ್ಳೆಯ ಸಂಬಳದ ಹುದ್ದೆ ಕೊಡುತ್ತೇವೆ ಎಂದರು, ಇವನು ಒಪ್ಪಲಿಲ್ಲ. ಮತ್ತೆ ಸಲಹೆಗಾರನ ಕೆಲಸ ತೋರಿಸಿದರು, ಬಾಯಿ ಮುಚ್ಚಿಕೊಂಡಿರಬೇಕು ಎಂಬ ಷರತ್ತಿನ ಮೇಲೆ. ಅದಕ್ಕೂ ಒಪ್ಪದೆ 1901ರಲ್ಲಿ ಕೆಲಸ ಬಿಟ್ಟ. ಆಗ ಅವನಿಗೆ 28 ವರ್ಷ. ಆಸ್ತಿ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳು. ತಿಂಗಳ ಸಂಬಳ ನಂಬಿ ಬದುಕುವ ನಮಗೆ ಈ ಒಂದು ವಾಕ್ಯದ ಭಾರ ಎಷ್ಟೆಂದು ಗೊತ್ತು. ಸಂಕಟ ಬಂದಾಗಲೆಲ್ಲ ಅವನ ಜೊತೆ ನಿಂತವಳು ಹೆಂಡತಿ ಮೇರಿ.

1903ರಲ್ಲಿ ತನ್ನದೇ ವಾರಪತ್ರಿಕೆ ಶುರುಮಾಡಿದ. ಕಾಂಗೋದಲ್ಲಿದ್ದ ಮಿಷನರಿಗಳು ಪತ್ರ ಬರೆದರು, ಕಂಪನಿಗಳ ಒಳಗಿನವರು ಗುಟ್ಟಾಗಿ ಕಾಗದ ಕಳಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಕಾಂಗೋ ಬಗ್ಗೆ ನಿರ್ಣಯ ಮಾಡಿತು. ಸರಕಾರದ ಆದೇಶದಂತೆ ಬ್ರಿಟಿಷ್ ಕಾನ್ಸುಲ್ ರೋಜರ್ ಕೇಸ್ಮೆಂಟ್ ಕಾಂಗೋದ ಒಳನಾಡಿಗೆ ಹೋಗಿ ಜನರನ್ನು ಕಂಡು ವರದಿ ಬರೆದ. ಇವನ ಕೈಯಲ್ಲಿ ಹಡಗಿನ ಲೆಕ್ಕ, ಅವನ ಕೈಯಲ್ಲಿ ಜನರ ಸಾಕ್ಷಿ. ಇಬ್ಬರೂ ಸೇರಿದ ಮೇಲೆ 1904ರ ಮಾರ್ಚ್‌ನಲ್ಲಿ ಕಾಂಗೋ ಸುಧಾರಣಾ ಸಂಘ ಹುಟ್ಟಿತು. ಕೇಸ್ಮೆಂಟ್ ಕೊಟ್ಟ 100 ಪೌಂಡೇ ಮೊದಲ ಬಂಡವಾಳ.

ಅನ್ಯಾಯ ಗೊತ್ತಾಯಿತು, ಸರಿ, ದೂರು ಕೊಡುವುದು ಎಲ್ಲಿ? ಒಬ್ಬ ರಾಜನನ್ನು ಕಟಕಟೆಗೆ ತರುವ ಅಂತಾರಾಷ್ಟ್ರೀಯ ನ್ಯಾಯಾಲಯ ಆ ಕಾಲಕ್ಕೆ ಇರಲಿಲ್ಲ. ಮೊರೆಲ್ ಹಿಡಿದದ್ದು ಬರ್ಲಿನ್‌ನ ಒಪ್ಪಂದವನ್ನು. ಅಲ್ಲಿನ ಜನರ ಕ್ಷೇಮ ನೋಡಿಕೊಳ್ಳುತ್ತೇವೆ, ವ್ಯಾಪಾರ ಎಲ್ಲರಿಗೂ ಮುಕ್ತವಾಗಿಡುತ್ತೇವೆ ಎಂದು ದೇಶಗಳೆಲ್ಲ ಅದಕ್ಕೆ ಸಹಿ ಹಾಕಿದ್ದವು. ಸಹಿ ಹಾಕಿದವರು ಈಗ ಉತ್ತರ ಕೊಡಬೇಕು ಎಂಬುದೇ ಅವನ ವಾದ. ಅಮೆರಿಕಕ್ಕೆ ಹೋಗಿ ಅಧ್ಯಕ್ಷ ರೂಸ್‌ವೆಲ್ಟ್‌ರನ್ನು ಕಂಡ. ಮಿಷನರಿ ಆಲಿಸ್ ಹ್ಯಾರಿಸ್ ತೆಗೆದ ಫೋಟೋಗಳನ್ನು ಊರೂರಿನ ಸಭೆಗಳಲ್ಲಿ ಪರದೆ ಮೇಲೆ ತೋರಿಸಿದರು. ಕೊಲೆಯಾದ ಪುಟ್ಟ ಮಗಳ ಕೈ ಕಾಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತ ಅಪ್ಪನ ಫೋಟೋ ಈಗಲೂ ನೋಡಲಿಕ್ಕೆ ಆಗುವುದಿಲ್ಲ.

ಒತ್ತಡ ತಾಳಲಾರದೆ ಲಿಯೊಪೋಲ್ಡ್ 1904ರಲ್ಲಿ ತಾನೇ ಒಂದು ತನಿಖಾ ಆಯೋಗ ಮಾಡಿದ. ಮೂವರು ನ್ಯಾಯ ತಿಳಿದವರು ಕಾಂಗೋಗೆ ಹೋಗಿ ನೂರಾರು ಜನರ ಹೇಳಿಕೆ ಬರೆದುಕೊಂಡರು. ಬೊಲಿಮಾ ಎಂಬ ಊರಿನ ಮುಖ್ಯಸ್ಥ ಲೊಂಟುಲು ಬಂದು 110 ಕಡ್ಡಿಗಳನ್ನು ಆಯೋಗದ ಮೇಜಿನ ಮೇಲೆ ಇಟ್ಟ. ರಬ್ಬರಿನ ಹೆಸರಿನಲ್ಲಿ ಸತ್ತ ತನ್ನವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡ್ಡಿ. ಗಂಡಸರಿಗೆ ಒಂದು ಉದ್ದ, ಹೆಂಗಸರಿಗೆ ಇನ್ನೊಂದು, ಮಕ್ಕಳಿಗೆ ಮತ್ತೊಂದು. ಈ ಇಡೀ ಕತೆಯಲ್ಲಿ ನನ್ನ ಮನಸ್ಸಿಗೆ ನಾಟಿದ ಲೆಕ್ಕ ಇದೇ. ಮೊರೆಲ್ ಮಾಲಿನ ಲೆಕ್ಕದಿಂದ ಅಪರಾಧ ಹಿಡಿದ; ಲೊಂಟುಲು, ಅಕ್ಷರ ಬಾರದೆಯೂ, ಮನುಷ್ಯರ ಲೆಕ್ಕ ಇಟ್ಟ. ಹೆದರಿಕೆಯ ನಡುವೆ ಹೀಗೆ ಬಂದು ಹೇಳಿದ ಕಾಂಗೋ ಜನರಿಲ್ಲದೆ ಇದ್ದರೆ ಮೊರೆಲ್‌ನ ಮಾತನ್ನು ರಾಜ ಸುಳ್ಳೆಂದು ತಳ್ಳಿಬಿಡುತ್ತಿದ್ದ.

ರಾಜನೇ ನೇಮಿಸಿದ ಆಯೋಗ 1905ರಲ್ಲಿ ದೂರುಗಳು ನಿಜವೆಂದು ಹೇಳಿತು. 1908ರಲ್ಲಿ ಬೆಲ್ಜಿಯಂ ಸರಕಾರ ಕಾಂಗೋವನ್ನು ರಾಜನ ಕೈಯಿಂದ ತೆಗೆದುಕೊಂಡಿತು. ದೌರ್ಜನ್ಯ ಕಡಿಮೆಯಾಯಿತು, ಬಲವಂತದ ದುಡಿಮೆ ಬೇರೆ ರೂಪದಲ್ಲಿ ಉಳಿಯಿತು. 1913ರಲ್ಲಿ ಸಂಘ ತನ್ನ ಕೆಲಸ ಮುಗಿಸಿತು. ಆದರೆ ನ್ಯಾಯ? ಲಿಯೊಪೋಲ್ಡ್ ಅಧಿಕಾರ ಬಿಡುವ ಮೊದಲು ಕಾಂಗೋದ ಕಡತಗಳನ್ನು ಸುಡಿಸಿದ. 1909ರಲ್ಲಿ ಯಾವ ವಿಚಾರಣೆಯೂ ಇಲ್ಲದೆ ಹಾಸಿಗೆಯಲ್ಲೇ ಸತ್ತ. ಆಯೋಗದ ವರದಿಯೊಂದಿಗೆ ಜನರ ಹೇಳಿಕೆಗಳನ್ನು ಅಚ್ಚು ಹಾಕಲಿಲ್ಲ. ಅವು ಬ್ರಸೆಲ್ಸ್‌ನ ದಾಖಲೆ ಕೋಣೆಯಲ್ಲಿ 1980ರ ದಶಕದವರೆಗೆ ಸಂಶೋಧಕರಿಗೂ ಸಿಗದಂತೆ ಇದ್ದವು.

ಮೊರೆಲ್‌ನ ಮುಂದಿನ ಬದುಕು ಸುಖದ್ದಲ್ಲ. ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದಕ್ಕೆ ಊರಿಗೆಲ್ಲ ದ್ರೋಹಿಯಾದ. ಯುದ್ಧದಲ್ಲಿ ಸೇರದ ಸ್ವಿಟ್ಜರ್‌ಲ್ಯಾಂಡಿಗೆ ತನ್ನ ಕರಪತ್ರ ಕಳಿಸಿದನೆಂದು 1917ರಲ್ಲಿ ಆರು ತಿಂಗಳ ಸಜೆಯಾಯಿತು. ಹಾಕಿದ್ದು ಲಂಡನ್‌ನ ಪೆಂಟನ್‌ವಿಲ್ ಜೈಲಿಗೆ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ದಂಗೆಗೆ ಕೈಜೋಡಿಸಿದ ಗೆಳೆಯ ಕೇಸ್ಮೆಂಟ್‌ನನ್ನು ಹಿಂದಿನ ವರ್ಷ ಗಲ್ಲಿಗೇರಿಸಿದ್ದೂ ಅಲ್ಲಿಯೇ. ಜೈಲಿನಲ್ಲಿ ಕೆಟ್ಟ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. 1922ರಲ್ಲಿ ಡಂಡೀ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದ. ಆ ಚುನಾವಣೆಯಲ್ಲಿ ಸೋತವರಲ್ಲಿ ಚರ್ಚಿಲ್ ಒಬ್ಬರು. 1924ರ ನವೆಂಬರ್ 12ರಂದು ಕಾಡುದಾರಿಯಲ್ಲಿ ನಡೆಯಲು ಹೋದವನು ದಣಿದು ಮರಕ್ಕೆ ಒರಗಿ ಕೂತ. ಮತ್ತೆ ಏಳಲಿಲ್ಲ. ವಯಸ್ಸು 51.

ಹೊಗಳಿ ಮುಗಿಸುವ ಹಾಗೂ ಇಲ್ಲ. 1920ರಲ್ಲಿ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನ್ಯದ ಆಫ್ರಿಕನ್ ಸಿಪಾಯಿಗಳ ಮೇಲೆ ಇದೇ ಮೊರೆಲ್ ಬಣ್ಣದ ಆಧಾರದಲ್ಲಿ ಹೊಲಸು ಮಾತು ಬರೆದ. ಕಾಂಗೋದವರ ಪರ ಅಷ್ಟು ಹೊಡೆದಾಡಿದವನಲ್ಲೂ ಆ ವಿಷ ಇತ್ತು. ಅದನ್ನು ಮುಚ್ಚಿಟ್ಟು ಅವನ ಬದುಕು ಹೇಳಿದರೆ ನಾವೂ ಕಾಗದ ಸುಟ್ಟ ಹಾಗೆಯೇ.

ಇವತ್ತು ಹೇಗ್ ಪಟ್ಟಣದಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಉಂಟು, 2002ರಿಂದ. 2012ರಲ್ಲಿ ಅದು ಕೊಟ್ಟ ಮೊದಲ ತೀರ್ಪು ಕಾಂಗೋದ ಪ್ರಕರಣದ್ದೇ. ಮಕ್ಕಳ ಕೈಗೆ ಕೋವಿ ಕೊಟ್ಟ ಒಬ್ಬ ನಾಯಕನಿಗೆ ಶಿಕ್ಷೆಯಾಯಿತು. ಲಿಯೊಪೋಲ್ಡ್ ಕಾಲದ್ದಕ್ಕೆ ಬೆಲ್ಜಿಯಂ ರಾಜಮನೆತನ ಮೊದಲ ಬಾರಿ ವಿಷಾದ ಹೇಳಿದ್ದು 2020ರಲ್ಲಿ. ಲೊಂಟುಲುವಿನ 110 ಜನರಿಗೆ ಇದು ತಲುಪಲಿಲ್ಲ. ಆದರೂ ಅವರು ಸತ್ತದ್ದು ಹೇಗೆಂದು ನಮಗಿವತ್ತು ಗೊತ್ತಿದೆ. ಮೇಜಿನ ಮೇಲೆ ಕಡ್ಡಿ ಇಟ್ಟ ಒಬ್ಬ ಮುಖ್ಯಸ್ಥ, ಅದನ್ನು ಬರೆದುಕೊಂಡ ಅಧಿಕಾರಿಗಳು, ಅವರೆಲ್ಲ ಅಲ್ಲಿಗೆ ಬರುವಂತೆ ಮಾಡಿದ ಒಬ್ಬ ಗುಮಾಸ್ತ, ಇಷ್ಟು ಜನ ಸೇರಿ ಉಳಿಸಿದ ಲೆಕ್ಕ ಅದು. ರಾಜ ಸುಡಿಸಿದ ಕಡತಗಳಲ್ಲಿ ಅದು ಇರಲಿಲ್ಲ.